ಕೋಡ್ ಆಮೇಲಾಯಿತು, ಮೊದಲು ಒಂದು ಲಾಗ್ ಫೈಲ್ ಕೊಡಿ

ಗಾಸಿಯನ್, ಓರ್ಕಾ, ಗೇಮ್ಸ್, ಟರ್ಬೊಮೋಲ್, ಸೈ4. ಅಣುಗಳ ಲೆಕ್ಕ ಹಾಕುವ ಈ ತಂತ್ರಾಂಶಗಳು ಉತ್ತರ ಬರೆಯುವ ಧಾಟಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅವುಗಳ ಸಾವಿರಾರು ಸಾಲಿನ ಔಟ್‌ಪುಟ್, ಅಂದರೆ ಲಾಗ್ ಫೈಲ್, ಓದಿ ಶಕ್ತಿ, ಕಂಪನಾಂಕ, ಆರ್ಬಿಟಲ್‌ಗಳನ್ನು ಹೆಕ್ಕಿಕೊಡಲು ಸಿಸಿಲಿಬ್‌ನಂಥ ಮುಕ್ತ ಪೈಥಾನ್ ಲೈಬ್ರರಿಗಳಿವೆ. ಅವನ್ನು ಪರೀಕ್ಷಿಸಲು ಪ್ರತಿ ತಂತ್ರಾಂಶದ ಔಟ್‌ಪುಟ್ ಬೇಕು, ಆದರೆ ಗಾಸಿಯನ್ನಿಗೆ ದುಡ್ಡು ಕೊಟ್ಟೇ ಲೈಸೆನ್ಸ್ ಪಡೆಯಬೇಕು. ಎಲ್ಲ ತಂತ್ರಾಂಶಗಳ ಎಲ್ಲ ಆವೃತ್ತಿಗಳೂ ಒಬ್ಬರ ಕೈಯಲ್ಲಿರುವುದು ಸಾಧ್ಯವೇ ಇಲ್ಲ. ಹಾಗಾಗಿ ಲೈಬ್ರರಿ ಕಟ್ಟುವವರಿಗೆ ಬೇಕಿರುವುದು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿರುವ ಫೈಲ್. ಪೈಥಾನ್‌ನಲ್ಲಿ ಒಂದು ಸಾಲೂ ಬರೆಯದವರೂ ಇಲ್ಲಿ ನೆರವಾಗಬಹುದು. ಆದರೆ ಕೊಡುವುದಕ್ಕೂ ಒಂದು ಕ್ರಮವಿದೆ.

1. ಕಾಟ ಕೊಟ್ಟ ಫೈಲನ್ನೇ ಕೊಡಿ. ಎಲ್ಲವೂ ಸರಿಯಿರುವ ಔಟ್‌ಪುಟ್ ಅವರ ಬಳಿ ಬೇಕಾದಷ್ಟಿದೆ. ಬಗ್ ಅಡಗಿರುವುದು ವಿಚಿತ್ರಗಳಲ್ಲಿ. ಫೋರ್ಟ್ರಾನ್‌ನಲ್ಲಿ ಸಂಖ್ಯೆಗೆಂದು ಮೀಸಲಿಟ್ಟ ಜಾಗ ಸಾಲದೆ ಹೋದರೆ ಅಲ್ಲಿ ಸಂಖ್ಯೆಯ ಬದಲು ಸಾಲಾಗಿ ನಕ್ಷತ್ರ ಚಿಹ್ನೆಗಳು ಅಚ್ಚಾಗುತ್ತವೆ. ಕೆಲವೊಮ್ಮೆ ಎರಡು ಋಣ ಸಂಖ್ಯೆಗಳು ನಡುವೆ ಜಾಗವೇ ಇಲ್ಲದೆ ಅಂಟಿಕೊಳ್ಳುತ್ತವೆ. ಘಾತ ಸೂಚಿಸಲು 'ಇ' ಬದಲು 'ಡಿ' ಅಕ್ಷರ ಬಂದರೆ ಪೈಥಾನ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಕಾಲ್ಪನಿಕ ಕಂಪನಾಂಕವನ್ನೇ ನೋಡಿ: ಗಾಸಿಯನ್ ಬರೀ ಋಣ ಚಿಹ್ನೆ ಹಾಕಿ ಸುಮ್ಮನಾಗುತ್ತದೆ, ಓರ್ಕಾ ಪಕ್ಕದಲ್ಲಿ ನಕ್ಷತ್ರಗಳ ನಡುವೆ ಒಂದು ಷರಾ ಬರೆಯುತ್ತದೆ, ಟರ್ಬೊಮೋಲ್ ಸಂಖ್ಯೆಯ ಮುಂದೆ 'ಐ' ಅಕ್ಷರ ಇಡುತ್ತದೆ. ಮೂರನ್ನೂ ಸರಿಯಾಗಿ ಓದಬೇಕಾದರೆ ಮೂರೂ ಬಗೆಯ ಫೈಲು ಕಣ್ಣಿಗೆ ಬಿದ್ದಿರಬೇಕು. ಇದನ್ನೆಲ್ಲ ಊಹಿಸಿ ಕೋಡ್ ಬರೆಯಲು ಯಾರಿಂದಲೂ ಆಗದು.

2. ಅರ್ಧಕ್ಕೆ ನಿಂತ ಲೆಕ್ಕವೂ ಬೇಕು. ಕರೆಂಟ್ ಹೋಗಿ ನಿಂತದ್ದು, ಕ್ಲಸ್ಟರ್‌ನಲ್ಲಿ ಕೊಟ್ಟ ಸಮಯ ಮುಗಿದು ನಿಂತದ್ದು, ಎಷ್ಟು ಸುತ್ತು ಹಾಕಿದರೂ ಒಮ್ಮುಖವಾಗದೆ ಕೈಚೆಲ್ಲಿದ್ದು, ಎಲ್ಲವೂ. ಅಂಥ ಫೈಲ್ ಸಿಕ್ಕಾಗ ಅದನ್ನು ಓದುವ ಕೋಡ್, ಅಂದರೆ ಪಾರ್ಸರ್, ತಾನೂ ಕುಸಿದು ಬೀಳಬಾರದು.

3. ಅಣು ಚಿಕ್ಕದಿರಲಿ. ಸಿಸಿಲಿಬ್‌ನ ಪರೀಕ್ಷೆಗಳಲ್ಲಿ ಹೆಚ್ಚಾಗಿ ಓಡುವುದು ಡೈವಿನೈಲ್‌ಬೆಂಜೀನ್. ಹತ್ತು ಕಾರ್ಬನ್, ಹತ್ತು ಹೈಡ್ರೋಜನ್, ಒಟ್ಟು 20 ಪರಮಾಣು. ಎಸ್‌ಟಿಒ-3ಜಿ ಎಂಬ ತೀರಾ ಸರಳ ಬೇಸಿಸ್ ಹಾಕಿದರೆ ಕಾರ್ಬನ್ನಿಗೆ ಐದು, ಹೈಡ್ರೋಜನ್ನಿಗೆ ಒಂದರಂತೆ 60 ಬೇಸಿಸ್ ಫಂಕ್ಷನ್. ಎಲೆಕ್ಟ್ರಾನ್ 70, ತುಂಬಿದ ಆರ್ಬಿಟಲ್ 35. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ತುಂಬಿದ ಕೊನೆಯ ಆರ್ಬಿಟಲ್‌ನ ಕ್ರಮಸಂಖ್ಯೆ 34 ಬರಬೇಕು. ಕಂಪ್ಯೂಟರ್ ಇಲ್ಲದೆ ಕಾಗದದ ಮೇಲೆ ತಾಳೆ ನೋಡಬಹುದಾದ ಇಂಥ ಅಣುವಿಗೆ ಬೆಲೆ ಹೆಚ್ಚು. ನಿಮ್ಮ ತೊಂದರೆ ಇನ್ನೂರು ಪರಮಾಣುಗಳ ಲೋಹದ ಸಂಕೀರ್ಣದಲ್ಲಿ ಬಂದಿದ್ದರೆ, ಅದೇ ತೊಂದರೆ ನೀರಿನ ಅಣುವಿನಲ್ಲೂ ಬರುತ್ತದೆಯೇ ಎಂದು ಮೊದಲು ನೋಡಿ. ಚಿಕ್ಕದರಲ್ಲಿ ಬಾರದೇ ಹೋದರೆ ದೊಡ್ಡದನ್ನೇ ಕಳಿಸಿ, ಆದರೆ ಗಾತ್ರದ ಮೇಲೆ ಕಣ್ಣಿರಲಿ: 100 ಎಂಬಿ ಮೀರಿದ ಒಂಟಿ ಫೈಲನ್ನು ಗಿಟ್‌ಹಬ್ ಒಪ್ಪುವುದಿಲ್ಲ.

4. ಫೈಲಿನ ಒಳಗೆ ಕೈಯಾಡಿಸಬೇಡಿ. ಬೇಡದ ಸಾಲು ಅಳಿಸುವುದು, ಪರದೆಯಿಂದ ಕಾಪಿ ಮಾಡಿ ಇಮೇಲ್‌ನಲ್ಲಿ ಅಂಟಿಸುವುದು, ವರ್ಡ್‌ನಲ್ಲಿ ತೆರೆದು ಸೇವ್ ಮಾಡುವುದು ಯಾವುದೂ ಕೂಡದು. ಒಂದು ಖಾಲಿ ಜಾಗ ಆಚೀಚೆಯಾದರೂ ಬಗ್ ಮಾಯವಾಗಬಹುದು, ಇಲ್ಲದ ಬಗ್ ಹುಟ್ಟಬಹುದು. ನಿಮ್ಮ ಹೆಸರಿರುವ ಡೈರೆಕ್ಟರಿ ಔಟ್‌ಪುಟ್‌ನಲ್ಲಿ ಕಾಣಿಸುವುದು ಇಷ್ಟವಿಲ್ಲವೇ? ಬೇರೆ ಡೈರೆಕ್ಟರಿಯಲ್ಲಿ ಲೆಕ್ಕವನ್ನು ಮತ್ತೊಮ್ಮೆ ಓಡಿಸಿ.

5. ಇನ್‌ಪುಟ್ ಮತ್ತು ಆವೃತ್ತಿ ಜೊತೆಗಿರಲಿ. ಬರೀ 'ಗಾಸಿಯನ್' ಎಂದರೆ ಸಾಲದು. 09 ಯಾ 16, ಯಾವ ಪರಿಷ್ಕರಣೆ ಎಂಬುದೂ ಬೇಕು. ಓರ್ಕಾ 4ರಲ್ಲಿದ್ದ ಪಟ್ಟಿಗಳೆಲ್ಲ 2024ರಲ್ಲಿ ಬಂದ ಓರ್ಕಾ 6ರಲ್ಲಿ ಹಾಗೇ ಉಳಿದಿಲ್ಲ.

6. ಸರಿಯುತ್ತರ ಯಾವುದೆಂದು ಹೇಳಿ. 'ಕೆಲಸ ಮಾಡುತ್ತಿಲ್ಲ' ಎಂಬ ದೂರಿನಿಂದ ಯಾರಿಗೂ ಉಪಯೋಗವಿಲ್ಲ. ಇಂಥ ಸಾಲಿನಲ್ಲಿ ಇಂಥ ಸಂಖ್ಯೆಯಿದೆ, ಪಾರ್ಸರ್ ಇಂಥದ್ದು ಕೊಡುತ್ತಿದೆ ಎಂದು ಬರೆಯಿರಿ. ಏಕಮಾನ ಮರೆಯಬೇಡಿ. ಒಂದು ಹಾರ್ಟ್ರಿ ಎಂದರೆ 27.2114 ಎಲೆಕ್ಟ್ರಾನ್ ವೋಲ್ಟ್. ಇಲ್ಲಿ ಎಡವಿ ಬಗ್ ಸಿಕ್ಕಿತೆಂದು ಕುಣಿದವರಿದ್ದಾರೆ. ಕೊನೆಯ ದಶಮಾಂಶ ಬೇರೆ ಯಂತ್ರದಲ್ಲಿ ತುಸು ಬದಲಾದೀತು, ಅದನ್ನು ತಪ್ಪೆಂದು ವರದಿ ಮಾಡಬೇಕಿಲ್ಲ.

7. ಹಕ್ಕಿನ ಮಾತು ಮೊದಲೇ ಮುಗಿಸಿ. ಅಣು ಇನ್ನೂ ಪ್ರಕಟವಾಗದ ಪ್ರಬಂಧದ್ದಾದರೆ ಗೈಡ್ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬೇಡಿ. ಕಂಪನಿಯ ಯೋಜನೆಯಾಗಿದ್ದರಂತೂ ಅದೇ ಬಗ್ಗನ್ನು ಬೆಂಜೀನ್‌ನಲ್ಲಿ ತೋರಿಸುವುದೇ ಕ್ಷೇಮ. ತಂತ್ರಾಂಶದ ಲೈಸೆನ್ಸ್ ಕರಾರನ್ನೂ ಒಮ್ಮೆ ಓದಿ. ಆಮೇಲೆ 'ಇದನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು' ಎಂದು ಸ್ಪಷ್ಟವಾಗಿ ಬರೆದು ಕೊಡಿ. ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಸಿಸಿ-ಝೀರೊ ಲೈಸೆನ್ಸ್ ಎಂದು ಬರೆದರೆ ಇನ್ನೂ ಚೊಕ್ಕ. ಈ ಒಂದು ಸಾಲಿಲ್ಲದೆ ಹೋದರೆ ಒಳ್ಳೆಯ ಫೈಲನ್ನೂ ಸೇರಿಸಿಕೊಳ್ಳಲು ಅವರು ಹಿಂದೆಮುಂದೆ ನೋಡುತ್ತಾರೆ. ಗಿಟ್‌ಗೆ ಒಮ್ಮೆ ಸೇರಿದ್ದು ಅದರ ಇತಿಹಾಸದಲ್ಲಿ ಉಳಿಯುತ್ತದೆ, ಮರುದಿನ ಅಳಿಸಿದರೂ ಹೋಗುವುದಿಲ್ಲ.

8. ಹೆಸರಿನಲ್ಲೇ ವಿಷಯವಿರಲಿ. 'ಫೈನಲ್-ನ್ಯೂ-2' ಎಂಬುದು ಹೆಸರಲ್ಲ. ಅಣು, ಲೆಕ್ಕದ ಬಗೆ, ವಿಧಾನ ಇಷ್ಟು ಸಾಕು.

9. ತಾಳ್ಮೆಯಿರಲಿ. ಇಂಥ ಯೋಜನೆಗಳಲ್ಲಿ ಉತ್ತರ ಕೊಡುವವರು ಬಹುಪಾಲು ಪಾಠ, ಸಂಶೋಧನೆ ಮುಗಿಸಿ ಬಿಡುವಿನಲ್ಲಿ ಕೂರುವವರು. ಅವರು ಇನ್ನೊಂದು ಫೈಲ್ ಕೇಳಿದರೆ ನಿಮ್ಮ ಮೊದಲ ಫೈಲ್ ಕೆಲಸಕ್ಕೆ ಬಂದಿದೆ ಎಂದೇ ಲೆಕ್ಕ.

ಪಿಎಚ್‌ಡಿ ಮುಗಿಸಿ ಲ್ಯಾಬ್ ಬಿಡುವ ಹೊತ್ತಿಗೆ ಕ್ಲಸ್ಟರ್‌ನಲ್ಲಿರುವ ಹಳೆಯ ಲೆಕ್ಕಗಳನ್ನೆಲ್ಲ ಅಳಿಸುವುದು ವಾಡಿಕೆ. ಈ ಬಾರಿ ಅಳಿಸುವ ಮುನ್ನ ವಿಚಿತ್ರವಾಗಿ ಕಂಡ ನಾಲ್ಕು ಲಾಗ್ ಫೈಲ್‌ಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಗೈಡ್ ಹತ್ತಿರ ಒಂದು ಮಾತು ಕೇಳಿ ಕಳಿಸಿಕೊಡಿ.