ಡಿಸ್ಕಸ್ ಎಸೆತದಾಗ ನಾಲ್ಕು ಸಾಮಾನ್ಯ ತಪ್ಪು

ಕ್ರೀಡಾಕೂಟದಾಗ ಡಿಸ್ಕಸ್ ಎಸೆಯೋರಿಗೆ ಮೊದಲ ಸುತ್ತಿಗೆ ಸಾಮಾನ್ಯವಾಗಿ ಸಿಗೂದು ಮೂರೇ ಅವಕಾಶ. ಮೂರೂ ಫೌಲ್ ಆದ್ರ ವರ್ಷದ ಪ್ರಾಕ್ಟೀಸ್ ನೀರಾಗ ಹೋದಂಗ. ಬಹಳಷ್ಟು ತಪ್ಪುಗಳ ಮೂಲ ಒಂದೇ: ಅವಸರ.

1. ಕೈ ಮೊದಲು ಹೋಗೂದು: ಬಲ ಹುಟ್ಟುವುದು ಕಾಲು, ಸೊಂಟದಲ್ಲಿ. ಕೈ ಕೊನೆಗೆ ಬರಬೇಕು. ಮೊದಲ ತೂಗು ಕಲಘಟಗಿ ತೊಟ್ಟಿಲು ತೂಗಿದಂಗ ಇರ್ಲಿ. ನಿಧಾನ, ಒಂದೇ ಲಯ.

2. ಬಿಗಿಯಾಗಿ ಹಿಡಿಯೂದು: ಅಂಚು ಬೆರಳುಗಳ ತುದಿಗೆಣ್ಣಿನ ಮೇಲೆ ಕೂತರೆ ಸಾಕು. ಬಿಡುವಾಗ ಡಿಸ್ಕಸ್ ತೋರುಬೆರಳಿನಿಂದ ಉರುಳಿ ಹೋಗಬೇಕು. ಆ ತಿರುಗುವಿಕೆಯೇ ಜೈರೋಸ್ಕೋಪಿನಂತೆ ಅದನ್ನು ಗಾಳಿಯಲ್ಲಿ ಸ್ಥಿರವಾಗಿ ಇಡುತ್ತದೆ.

3. 45 ಡಿಗ್ರಿಗೆ ಪಟ್ಟು ಹಿಡಿಯೂದು: ನಮ್ಮ ಫಿಸಿಕ್ಸ್ ಸೂತ್ರದಾಗ ಗಾಳಿಯ ಲೆಕ್ಕ ಇಲ್ಲ. ಡಿಸ್ಕಸ್‌ಗೆ ವಿಮಾನದ ರೆಕ್ಕೆಯಂತೆ ಲಿಫ್ಟ್ ಸಿಗುತ್ತದೆ, ಹಂಗಾಗಿ 35 ಡಿಗ್ರಿ ಆಸುಪಾಸು ಸಾಕು. ಮುಂಭಾಗ ಮೇಲೆದ್ದರೆ ವೇಗ ಕಳಕೊಂಡು ಬೀಳುತ್ತದೆ. ಹದವಾದ ಎದುರುಗಾಳಿಗೆ ಬೈಬ್ಯಾಡ್ರಿ, ಅದು ದೂರ ಒಯ್ಯುತ್ತದೆ.

4. ಫೌಲ್ ಆದಮೇಲೆ ಇನ್ನೂ ಜೋರು ಹಾಕೂದು: ಇದು ಮನಸ್ಸಿನ ತಪ್ಪು. ವೃತ್ತದ ವ್ಯಾಸ ಬರೀ 2.5 ಮೀಟರ್, ಸಿಟ್ಟಿನಲ್ಲಿ ತಿರುಗಿದರೆ ಕಾಲು ಮತ್ತೆ ಹೊರಗೆ. ಎರಡನೆಯದನ್ನು ಅಳತೆಗೆ ಸಿಗುವಂತೆ ಹಾಕ್ರಿ, ಪೂರ್ತಿ ಬಲ ಮೂರನೆಯದಕ್ಕಿರಲಿ.

ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಅವರ ಅತ್ಯುತ್ತಮ ಎಸೆತ 2012ರ 66.28 ಮೀಟರ್. ಆದ್ರ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ತಂದದ್ದು 63.64 ಮೀಟರ್. ಕೂಟದ ದಿನ ಜೀವಮಾನದ ಎಸೆತವೇ ಬೇಕಂತಿಲ್ಲ.

ಇವತ್ತು ಸಂಜೆ ಗ್ರೌಂಡಿನಾಗ ಮುಕ್ಕಾಲು ಬಲದಲ್ಲಿ ಹತ್ತು ಎಸೆತ ಹಾಕಿ, ಎಷ್ಟು ಫೌಲ್ ಆದ್ವು ಬರೆದಿಡ್ರಿ.