ಧಾವಂತದ ದಿನಕ್ಕೆ ದೀರ್ಘ ಉಸಿರು
ಹಿರೇಹಳ್ಳಿಯಿಂದ ಮುಂಜಾನೆಯ ರೈಲೇರಿ ಬೆಂಗಳೂರಿಗೆ ತೆರಳಿ ಇರುಳಿಗೆ ಮರಳುವ ಸದ್ಭಕ್ತರಿಗೆ ಕಾಯಕಕ್ಕಿಂತ ಧಾವಂತವೇ ದೊಡ್ಡ ಭಾರ. ಮನಸ್ಸು ಉದ್ವಿಗ್ನಗೊಂಡಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಸ್ರವಿಸಿ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಇದು ನಿತ್ಯದ ಸ್ಥಿತಿಯಾದರೆ ನಿದ್ರೆ ಕೆಡುತ್ತದೆ, ಹೃದಯವೂ ಬಳಲುತ್ತದೆ.

ಕುಳಿತಲ್ಲಿಯೇ ಬೆನ್ನು ನೆಟ್ಟಗಿರಿಸಿ, 4 ಎಣಿಸುವವರೆಗೆ ಉಸಿರನ್ನು ಒಳಗೆಳೆದು, 6 ಎಣಿಸುತ್ತ ಮೆಲ್ಲನೆ ಹೊರಬಿಡಿರಿ. ನಿಶ್ವಾಸ ದೀರ್ಘವಾದಾಗ ವೇಗಸ್ ನರವು ಎದೆಬಡಿತವನ್ನು ತಗ್ಗಿಸುತ್ತದೆ. 5 ನಿಮಿಷ ಸಾಕು. ಸಂಜೆಯ ಕಾಫಿ ತ್ಯಜಿಸಿ, ಅರ್ಧ ಗಂಟೆ ನಡೆಯಿರಿ. ಮಲಗುವ ಮುನ್ನ ಮೊಬೈಲನ್ನು ದೂರವಿರಿಸಿ, 7 ತಾಸು ನಿದ್ರಿಸಿರಿ.

ಎರಡು ವಾರ ಕಳೆದರೂ ಕಳವಳ ತಗ್ಗದಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ತಡಮಾಡದೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆಮಾಡಿರಿ, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಮದ್ದು ಕೇಳಲು ನಾಚದವರು ಮನದ ನೋವಿಗೂ ನಾಚಬೇಕಿಲ್ಲ.