ಹೊಗೆ ಹೋಗುವ ದಾರಿಯಲ್ಲಿ ನೀರು

ಹಳೆಯ ಹಾಯಿದೋಣಿ ಕೊಳ್ಳುವವರು ಹಾಯಿಯ ಬಟ್ಟೆ ತಡವಿ ನೋಡುತ್ತಾರೆ, ಕೂವೆಮರದ ತಂತಿಗಳನ್ನು ಜಗ್ಗಿ ನೋಡುತ್ತಾರೆ, ಎಂಜಿನ್ ಚಾಲೂ ಮಾಡಿಸಿ ಸದ್ದು ಕೇಳುತ್ತಾರೆ. ಎಂಜಿನ್ನಿನ ಬೆನ್ನಿನಿಂದ ಹೊರಟು, ಲಾಕರಿನ ಕತ್ತಲೆಯಲ್ಲಿ ಸುತ್ತಿ ಬಳಸಿ, ದೋಣಿಯ ಹಿಂಗೋಡೆಯಲ್ಲಿ ಹೊರಬೀಳುವ ಕಪ್ಪು ರಬ್ಬರ್ ಹೋಸಿನ ಕಡೆ ನೋಡುವವರು ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ ನಿಲ್ಲುವ ನಮ್ಮ ಮೂವತ್ತು ಅಡಿಯ ದೋಣಿ ಕಟ್ಟಿದ್ದು 1983ರಲ್ಲಿ. ಅದರ ಎಕ್ಸಾಸ್ಟ್ ಹೋಸನ್ನು ನಾನೂ ನನ್ನ ಗಂಡನೂ ಸೇರಿ ಬದಲಿಸಿದೆವು. ಹಳೆಯ ದೋಣಿ ಇಟ್ಟುಕೊಂಡವರಿಗೆಲ್ಲ ನಾನು ಈಗ ಮೊದಲು ಕೇಳುವ ಪ್ರಶ್ನೆ ಆ ಹೋಸಿನದೇ.

ಊರಿನ ತೋಟದ ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಹೊಗೆ ಕಬ್ಬಿಣದ ಸೈಲೆನ್ಸರಿನಿಂದ ನೇರವಾಗಿ ಗಾಳಿಗೆ ಹೋಗುತ್ತದೆ. ಸುತ್ತ ಬಯಲು, ಯಾರಿಗೂ ತೊಂದರೆಯಿಲ್ಲ. ಹಾಯಿದೋಣಿಯಲ್ಲಿ ಎಂಜಿನ್ ಇರುವುದು ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ, ಮಲಗುವ ಜಾಗದ ಪಕ್ಕದಲ್ಲಿ. ಭಾರ ಹೊತ್ತು ಓಡುವ ಡೀಸೆಲ್ ಎಂಜಿನ್ನಿನ ಹೊಗೆಯ ಶಾಖ 400 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅಷ್ಟು ಬಿಸಿಯನ್ನು ಫೈಬರ್‌ಗ್ಲಾಸಿನ ಒಡಲಿನಲ್ಲಿ ಹಾಗೇ ಒಯ್ಯುವಂತಿಲ್ಲ. ಆದ್ದರಿಂದ ಎಂಜಿನ್ನನ್ನು ತಣಿಸಿ ಬಂದ ಸಮುದ್ರದ ನೀರನ್ನು ಮಿಕ್ಸಿಂಗ್ ಎಲ್ಬೋ ಎಂಬ ಬಾಗಿದ ಕೊಳವೆಯಲ್ಲಿ ಹೊಗೆಯೊಳಕ್ಕೆ ಸುರಿಯುತ್ತಾರೆ. ಅಲ್ಲಿಂದ ಮುಂದೆ ಹೋಸಿನಲ್ಲಿ ಸಾಗುವುದು ಹೊಗೆ ಮತ್ತು ನೀರು ಎರಡೂ. ಎರಡೂ ಕೆಳಗಿನ ವಾಟರ್‌ಲಾಕ್ ಡಬ್ಬಿಗೆ ಇಳಿದು, ಹೊಗೆಯ ಒತ್ತಡಕ್ಕೆ ನೀರು ಮೇಲಕ್ಕೆ ತಳ್ಳಿಸಿಕೊಂಡು, ಗೂಸ್‌ನೆಕ್ ಎನ್ನುವ ಎತ್ತರದ ಬಾಗನ್ನು ಹತ್ತಿ ಇಳಿದು ಹೊರಗೆ ಚೆಲ್ಲುತ್ತದೆ.

ನಮಗೆ ಸುಳಿವು ಸಿಕ್ಕಿದ್ದು ಸ್ಯಾಕ್ರಮೆಂಟೊ ನದಿಯ ಡೆಲ್ಟಾದಿಂದ ಮರಳುವಾಗ. ಹೋಗುವಾಗ ಬೇಸಿಗೆಯ ಪಡುಗಾಳಿ ಬೆನ್ನಿಗಿರುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ, ಗಂಟೆಗಟ್ಟಲೆ ಎಂಜಿನ್ನೇ ಗತಿ. ವೇಗ ಏರಿಸಿದಾಗಲೆಲ್ಲ ಹಿಂದೆ ಕಪ್ಪು ಹೊಗೆ, ಆರ್‌ಪಿಎಂ ಮಾತ್ರ ಮೇಲೇರದು. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಗಾಳಿ ಒಳಬರುವ ದಾರಿ ಶುಚಿಯಾಗಿತ್ತು, ಪ್ರೊಪೆಲರಿಗೆ ಚಿಪ್ಪು ಹತ್ತಿರಲಿಲ್ಲ. ಉಳಿದದ್ದು ಹೊರಹೋಗುವ ದಾರಿ. ಹೋಸನ್ನು ಹೊರಗಿನಿಂದ ಒತ್ತಿದರೆ ಗಟ್ಟಿಯಾಗಿಯೇ ಇತ್ತು, ಬಿರುಕಿಲ್ಲ, ಸೋರಿಕೆಯಿಲ್ಲ. ಆಮೇಲೆ ಕೊಯ್ದು ನೋಡಿದರೆ ಒಳಪದರ ಕಿತ್ತುಕೊಂಡು ನಾಲಿಗೆ ಚಾಚಿತ್ತು. ಹೊಗೆಯ ದಾರಿ ಸುಮಾರು ಅರ್ಧದಷ್ಟು ಮುಚ್ಚಿಹೋಗಿತ್ತು. ಈ ಹೋಸು ಹಲವು ಪದರಗಳ ರಬ್ಬರು, ನಡುವೆ ಉಕ್ಕಿನ ತಂತಿಯ ಸುರುಳಿ. ಅದು ಮುಪ್ಪಾಗುವುದು ಒಳಗಿನಿಂದ. ಹೊರಗೆ ಸಿಗುವ ಗುರುತುಗಳು ಸಣ್ಣವು: ಕ್ಲಾಂಪಿನ ಬಳಿ ಉಪ್ಪಿನ ಬಿಳಿ ಪುಡಿ, ತುಕ್ಕಿನ ಕಲೆ, ಮಸಿಯ ಗೆರೆ, ಅಮುಕಿದರೆ ತಂತಿ ಕರಕರ ಎನ್ನುವ ಸದ್ದು.

ಹೋಸು ಬಿರಿದರೆ ಆಗುವ ಅನಾಹುತ ಎರಡು ಬಗೆಯದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ನಿಗೆ ನುಗ್ಗಬಹುದು. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಇದನ್ನು ಕಡಿಮೆ ಉಗುಳುತ್ತದೆ ನಿಜ, ಉಗುಳುವುದಂತೂ ಹೌದು. ಎರಡನೆಯದು ನೀರು. ದೋಣಿಯ ಪಂಪು ಹೊರಗಿಂದ ಎತ್ತಿದ ಸಮುದ್ರವನ್ನೆಲ್ಲ ಹೊರಕ್ಕೆ ಹಾಕುವ ಬದಲು ಒಳಕ್ಕೇ ಹಾಕುತ್ತಾ ಹೋಗುತ್ತದೆ. ಎಂಜಿನ್ ಸದ್ದಿನಲ್ಲಿ ಆ ಸುರಿತ ಕೇಳುವುದೂ ಇಲ್ಲ.

ಬಿಚ್ಚುವುದಕ್ಕೆ ಮುಂಚೆ ನಾವು ಹಳೆಯ ಹೋಸಿನ ದಾರಿಯನ್ನು ಅಡಿಕೋಲು ಹಿಡಿದು ಅಳೆದು ಬರೆದುಕೊಂಡೆವು. ಎಲ್ಲಿ ಏರುತ್ತದೆ, ಎಲ್ಲಿ ಜೋತುಬಿದ್ದಿದೆ, ಹೊರಗಿನ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆ. ಈ ಅಳತೆಯ ಬೆಲೆ ಎಂಜಿನ್ ನಿಲ್ಲಿಸಿದ ಕ್ಷಣದಲ್ಲಿ ಗೊತ್ತಾಗುತ್ತದೆ. ಮೇಲೇರುತ್ತಿದ್ದ ನೀರನ್ನು ತಳ್ಳಲು ಆಗ ಹೊಗೆ ಇರುವುದಿಲ್ಲ; ಗೂಸ್‌ನೆಕ್ಕಿನಿಂದ ಈಚೆಗಿನ ನೀರೆಲ್ಲ ವಾಟರ್‌ಲಾಕಿಗೆ ಇಳಿದು ಬರುತ್ತದೆ. ಎರಡು ಇಂಚು ಒಳವ್ಯಾಸದ ಹೋಸು ತುಂಬಿದ್ದರೆ ಒಂದು ಮೀಟರಿಗೆ ಹತ್ತಿರಹತ್ತಿರ 2 ಲೀಟರ್ ನೀರು ಹಿಡಿಯುತ್ತದೆ. ಡಬ್ಬಿ ಅದನ್ನೆಲ್ಲ ತುಂಬಿಕೊಳ್ಳುವಷ್ಟು ದೊಡ್ಡದಿರಬೇಕು, ಇಲ್ಲವಾದರೆ ನೀರು ಎಲ್ಬೋವರೆಗೆ ಏರಿ ಸಿಲಿಂಡರಿನೊಳಕ್ಕೆ ಹೋಗುತ್ತದೆ. ನೀರು ಹೊಕ್ಕ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಲಾರದು, ಏಕೆಂದರೆ ನೀರನ್ನು ಗಾಳಿಯಂತೆ ಹಿಂಡಲಾಗದು. ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನಿನ ರಾಡು ಬಾಗುತ್ತದೆ. ಹಾಗಾಗಿ 'ಇಲ್ಲಿ ಸ್ವಲ್ಪ ಸುತ್ತಿ ಹಾಕಿದರೆ ಜೋಡಿಸಲು ಸುಲಭ' ಎಂದು ಹೋಸನ್ನು ಉದ್ದ ಮಾಡುವುದು ಬರೀ ಅನುಕೂಲದ ಮಾತಲ್ಲ.

ಗೂಸ್‌ನೆಕ್ಕಿನ ಎತ್ತರದ ಲೆಕ್ಕ ಹೊರಗಿನ ಸಮುದ್ರದ್ದು. ಗೋಲ್ಡನ್ ಗೇಟ್ ಕಡೆಯಿಂದ ಮಧ್ಯಾಹ್ನದ ಗಾಳಿಯಲ್ಲಿ ಬರ್ಕ್ಲಿಗೆ ಮರಳುವಾಗ ಅಲೆಗಳು ಹಿಂದಿನಿಂದ ಬಡಿಯುತ್ತವೆ, ಹಿಂಗೋಡೆಯ ತೂತು ಮತ್ತೆ ಮತ್ತೆ ಮುಳುಗುತ್ತದೆ. ಆ ಅಲೆ ಹೋಸಿನೊಳಗೆ ಹತ್ತಿ ಬರದಂತೆ ತಡೆಯುವುದು ಆ ಬಾಗಿನ ಎತ್ತರವೊಂದೇ. ನಮ್ಮದರಲ್ಲಿ ಅದನ್ನು ಹಿಡಿದಿದ್ದ ಪಟ್ಟಿ ಸಡಿಲಗೊಂಡು ಬಾಗು ಒಂದು ಗೇಣು ಕೆಳಗೆ ಕುಸಿದಿತ್ತು. ಹೊಸ ಹೋಸನ್ನು ಹಳೆಯದು ಬಿದ್ದಿದ್ದ ಜಾಡಿನಲ್ಲೇ ಎಳೆದಿದ್ದರೆ ಆ ಕುಸಿತವೂ ಹಾಗೇ ಉಳಿಯುತ್ತಿತ್ತು. ಡೆಕ್ಕಿನ ಅಡಿಗೆ ಹೊಸ ಹಿಡಿಕೆ ಕೂರಿಸಿ, ಬಾಗನ್ನು ಆದಷ್ಟು ಮೇಲಕ್ಕೆ ಒಯ್ದೆವು.

ಕೀಳುವುದು ಮೈಮುರಿಯುವ ಕೆಲಸ. ನಾನು ಸಣ್ಣ ಮೈಯವಳಾದ್ದರಿಂದ ಲಾಕರಿನೊಳಕ್ಕೆ ಇಳಿಯುವುದು ನನ್ನ ಪಾಲಿಗೆ ಬಂತು. ವರ್ಷಗಟ್ಟಲೆ ಬೆಂದು ಕಲ್ಲಾದ ರಬ್ಬರು ಫೈಬರ್‌ಗ್ಲಾಸಿನ ಮೂತಿಗೆ ಅಂಟಿಕೊಂಡಿರುತ್ತದೆ. ಅದರ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು, ಡಬ್ಬಿಯ ಮೂತಿಯೇ ಮುರಿದೀತು. ಹೀಟ್ ಗನ್ನಿನಿಂದ ಹದವಾಗಿ ಬಿಸಿ ಮಾಡಿ, ಹರಿತವಾದ ಚಾಕುವಿನಿಂದ ಉದ್ದಕ್ಕೆ ಸೀಳುತ್ತಾ ಬಂದೆ. ತಂತಿ ಅಡ್ಡ ಬಂದಲ್ಲಿ ಕಟಿಂಗ್ ಪ್ಲೇಯರಿನಿಂದ ತುಂಡರಿಸಿದೆ. ದಪ್ಪ ಕೈಗವಸು ಬೇಕೇ ಬೇಕು, ತುಂಡಾದ ತಂತಿಯ ಮೊನೆ ಸೂಜಿಗಿಂತ ಚೂಪು. ಹಳೆಯ ಹೋಸನ್ನು ಹೊರಗೆಳೆಯುವ ಮುನ್ನ ಅದರ ತುದಿಗೆ ಒಂದು ಹಗ್ಗ ಕಟ್ಟಿ ಬಿಟ್ಟೆವು. ಮುಂದೆ ಹೊಸದನ್ನು ಅದೇ ಕಿಂಡಿಗಳಲ್ಲಿ ತೂರಿಸಲು ಆ ಹಗ್ಗವೇ ದಾರಿ.

ಹೊಸ ಹೋಸಿನ ಮೈಮೇಲೆ ಎಸ್‌ಎಇ ಜೆ2006 ಎಂದು ಅಚ್ಚಾಗಿರಬೇಕು. ತಣಿಸುವ ನೀರು ಪೂರ್ತಿ ನಿಂತುಹೋದರೂ ಎರಡು ನಿಮಿಷ ತಾಳಿಕೊಳ್ಳಬೇಕು ಎನ್ನುವ ಪರೀಕ್ಷೆ ಆ ಮಾನದಂಡದಲ್ಲಿದೆ. ನೀರೆತ್ತುವ ಪಂಪಿನ ಇಂಪೆಲರ್ ಮುರಿದಾಗ ಅಲಾರಂ ಕೇಳಿ, ಎದ್ದು, ಎಂಜಿನ್ ನಿಲ್ಲಿಸಲು ಸಿಗುವ ಕಾಲ ಅಷ್ಟೇ. ನೀರು ಹಾಯಿಸುವ ಅಗ್ಗದ ಹೋಸಿಗೆ ಈ ಕೆಲಸ ವಹಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಹೊಸ ಎಕ್ಸಾಸ್ಟ್ ಹೋಸು ದಪ್ಪ, ಭಾರ, ಹೇಳಿದಂತೆ ಬಾಗುವುದಿಲ್ಲ. ತಿರುವು ಕಿರಿದಾದಲ್ಲಿ ಒತ್ತಾಯ ಮಾಡಿದರೆ ಒಳಗೆ ಮಡಿಕೆ ಬೀಳುತ್ತದೆ, ಹಾಗಾಗಿ ಅಂಥ ಕಡೆ ಸುಕ್ಕುಸುಕ್ಕಿನ ಮೈಯ ಹೋಸು ಒಳ್ಳೆಯದು. ನಾನು ಲಾಕರಿನಲ್ಲಿ, ಅವರು ಎಂಜಿನ್ನಿನ ಬಳಿ.

"ರೀ, ಸಿಕ್ಕಿಕೊಂಡಿದೆ, ಎಳೀಬೇಡಿ."

"ಹಾಗಾದ್ರೆ ನೀನೇ ಅಲ್ಲಿಂದ ತಿರುಗಿಸು, ನಾನು ಹಿಡ್ಕೊಂಡಿರ್ತೀನಿ."

ಎಳೆಯುವುದಕ್ಕಿಂತ ತಿರುಗಿಸುತ್ತಾ ತಳ್ಳುವುದು ಫಲಿಸಿತು. ಮೂತಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿದೆವು. ಎಣ್ಣೆ, ಗ್ರೀಸು ಹಚ್ಚಿದರೆ ರಬ್ಬರು ಹಾಳಾಗುತ್ತದೆ. ಕತ್ತರಿಸಿದ ತುದಿಗಳಲ್ಲಿ ಹೊರಗೆ ಕಾಣುವ ತಂತಿಗೆ ಸೀಲಂಟ್ ಬಳಿದೆವು. ಅಲ್ಲಿ ಹಿಡಿದ ತುಕ್ಕು ತಂತಿಯ ಸುರುಳಿಗುಂಟ ಒಳಕ್ಕೆ ಸಾಗುತ್ತದೆ.

ಪ್ರತಿ ತುದಿಗೂ ಎರಡೆರಡು ಕ್ಲಾಂಪು. ಅಮೆರಿಕನ್ ಬೋಟ್ ಆ್ಯಂಡ್ ಯಾಟ್ ಕೌನ್ಸಿಲ್ಲಿನ ಪಿ-1 ಮಾನದಂಡ ಅದನ್ನೇ ಹೇಳುತ್ತದೆ, ಪಟ್ಟಿ ಕನಿಷ್ಠ ಅರ್ಧ ಇಂಚು ಅಗಲವಿರಬೇಕು ಎಂದೂ ಹೇಳುತ್ತದೆ. ಅಂಗಡಿಯಲ್ಲಿ ಕ್ಲಾಂಪು ಆರಿಸುವಾಗ ಜೇಬಿನಲ್ಲೊಂದು ಅಯಸ್ಕಾಂತ ಇದ್ದರೆ ಅನುಕೂಲ. ಪಟ್ಟಿ ಸ್ಟೇನ್‌ಲೆಸ್ ಆಗಿದ್ದೂ ಸ್ಕ್ರೂ ಸಾದಾ ಉಕ್ಕಿನದಾಗಿರುವುದುಂಟು, ಅಂಥದಕ್ಕೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಚಾಲೂ ಮಾಡಿದ ಮೇಲೆ ಪ್ರತಿ ಜೋಡಣೆಯ ಕೆಳಗೂ ಒಣ ಟಿಶ್ಯೂ ಕಾಗದ ಹಿಡಿದು ನೋಡಿದೆ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಆಮೇಲೆ ದೋಣಿಯನ್ನು ಬಿಗಿಯಾಗಿ ಕಟ್ಟಿ, ಗೇರಿಗೆ ಹಾಕಿ ಭಾರ ಕೊಟ್ಟು ಓಡಿಸಿದೆವು. ಸುಮ್ಮನೆ ಓಡುವಾಗ ಸೋರದ್ದು ಭಾರಕ್ಕೆ ಸೋರಬಹುದು. ಆರ್‌ಪಿಎಂ ಮೊದಲಿನಂತೆ ಏರಿತು, ಹೊಗೆ ತಿಳಿಯಾಯಿತು. ಎಂಜಿನ್ ಆರಿದ ಮೇಲೆ ಕ್ಲಾಂಪುಗಳನ್ನು ಮತ್ತೆ ಬಿಗಿದೆವು. ಬಿಸಿಯಾಗಿ ತಣಿದ ರಬ್ಬರು ಸ್ವಲ್ಪ ಕುಗ್ಗಿರುತ್ತದೆ, ಸ್ಕ್ರೂಗಳು ತಿರುಗಿದ್ದರಲ್ಲೇ ಅದು ತಿಳಿಯಿತು. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿದ್ದೂ ಆಗಲೇ.

ಹೋಸು ಕಳಚಿದಾಗ ಮಿಕ್ಸಿಂಗ್ ಎಲ್ಬೋವಿನ ಒಳಗೂ ಟಾರ್ಚು ಬಿಟ್ಟು ನೋಡಿದ್ದೆವು. ಮಸಿ ಮತ್ತು ತುಕ್ಕು ಸೇರಿ ಗೋಡೆಗೆ ದಪ್ಪ ಪೊರೆ ಕಟ್ಟಿತ್ತು. ಅದನ್ನು ಕೆರೆದು ತೆಗೆದಿದ್ದೇವೆ, ಆದರೆ ನೀರು ಬೀಳುವ ಜಾಗದಲ್ಲಿ ಲೋಹ ತೆಳುವಾಗಿದೆ. ಅದರ ಬದಲಿ ಸ್ಟೇನ್‌ಲೆಸ್ ಎಲ್ಬೋ ಬರುವವರೆಗೆ ಡೆಲ್ಟಾದ ಕಡೆ ಹೋಗುವುದಿಲ್ಲ. ಗಾಳಿಯಿದ್ದ ದಿನ ಹಾಯಿ ಬಿಚ್ಚಿ ಏಂಜಲ್ ದ್ವೀಪದವರೆಗೆ ಹೋಗಿ ಬರುತ್ತೇವೆ.